ಹಾಸನದಲ್ಲಿ ಪರ್ಸನಲ್ ಟ್ರೈನರ್ ಬೇಕಾ? ಬೇಕಾದರೆ ಹೇಗೆ ಆರಿಸೋದು?

ವಿದ್ಯಾನಗರದ ಟೀಚರ್ (ಸೆಪ್ಟೆಂಬರ್ 7)

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಪರ್ಸನಲ್ ಟ್ರೈನರ್ ಹತ್ತಿರ ಕಲಿತವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಎರಡು ವಾರದಿಂದ ಯೋಚನೆ ಮಾಡ್ತಾನೇ ಇದ್ದೇನೆ, ಒಂದು ತೀರ್ಮಾನಕ್ಕೆ ಬರೋಕೆ ಆಗ್ತಿಲ್ಲ.

ನನಗೆ 44 ವರ್ಷ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ದಿನಕ್ಕೆ ಐದು ಪೀರಿಯಡ್ ನಿಂತೇ ಇರುತ್ತೇನೆ, ಆದರೂ ತೂಕ 71 ಕೆ.ಜಿ. ಆಗಿದೆ. ಕಳೆದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋದು, 6.1 ಬಂತು. ಶುಗರ್ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲಲ್ಲಿದೆ ಅಂದರು ಡಾಕ್ಟ್ರು. ಎಡ ಮಂಡಿ ಬೇರೆ ನೋವು. ಹತ್ತುವಾಗ ಪರವಾಗಿಲ್ಲ, ಮೆಟ್ಟಿಲು ಇಳಿಯುವಾಗ ಚುಚ್ಚುತ್ತದೆ.

ನನ್ನ ಮನಸ್ಸಿನಲ್ಲಿ ಇರೋ ಗುರಿ ಒಂದೇ. ಪ್ರತಿ ಡಿಸೆಂಬರ್‌ನಲ್ಲಿ ಎಂಟನೇ ಕ್ಲಾಸಿನ ಮಕ್ಕಳನ್ನ ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗುತ್ತೇವೆ. ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಲ್ಲಿ. ಹೋದ ವರ್ಷ ನಾನು ಕೆಳಗೇ ಮಕ್ಕಳ ಬ್ಯಾಗು, ಚಪ್ಪಲಿ ನೋಡಿಕೊಂಡು ಕೂತಿದ್ದೆ. ಒಬ್ಬ ಹುಡುಗಿ ಇಳಿದು ಬಂದು, "ಮಿಸ್, ನೀವು ಯಾಕೆ ಬರಲಿಲ್ಲ?" ಅಂದಳು. ಆ ಮಾತು ಇನ್ನೂ ಮನಸ್ಸಿನಲ್ಲೇ ಇದೆ.

ಮನೆ ಹತ್ತಿರದ ಜಿಮ್‌ನಲ್ಲಿ ತಿಂಗಳಿಗೆ 1,300. ಪರ್ಸನಲ್ ಟ್ರೈನಿಂಗ್ ಬೇಕಾದರೆ 12 ಕ್ಲಾಸಿಗೆ ಇನ್ನೂ 7,000. ಮೂರು ತಿಂಗಳು ಒಟ್ಟಿಗೆ ಕಟ್ಟಿದರೆ 18,000ಕ್ಕೆ ಮಾಡಿಕೊಡುತ್ತಾರಂತೆ. ಮನೆಗೇ ಬಂದು ಹೇಳಿಕೊಡುವ ಒಬ್ಬರು ಹುಡುಗಿ ಇದ್ದಾರೆ, ಕ್ಲಾಸಿಗೆ 500. ನಮ್ಮ ಸಂಬಳಕ್ಕೆ ಇದು ಸಣ್ಣ ಮೊತ್ತ ಅಲ್ಲ. ಮಗನ ಕಾಲೇಜು ಫೀಸಿದೆ, ಮನೆ ಸಾಲವಿದೆ.

ಇನ್ನೊಂದು ವಿಷಯ. 2021ರಲ್ಲಿ ಅಪ್ಪು ಹೋದಾಗಿನಿಂದ ನಮ್ಮ ಮನೆಯವರಿಗೆ ಜಿಮ್ ಅಂದರೆ ಹೆದರಿಕೆ. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ದಿನಾ ಟೀವಿಯಲ್ಲಿ ಬಂತಲ್ಲ, ಆಮೇಲಂತೂ ಆ ಹೆಸರೇ ಎತ್ತುವ ಹಾಗಿಲ್ಲ. "ಸುಮ್ನೆ ವಾಕಿಂಗ್ ಮಾಡು" ಅನ್ನುತ್ತಾರೆ. ಅವರು ಹೇಳೋದು ಸರಿಯಾ?

ಕ್ರೀಡಾಂಗಣದ ಸುತ್ತು

ಮೇಡಂ, ನಿಮ್ಮ ಯಜಮಾನರು ಹೇಳಿದ್ದು ನೂರಕ್ಕೆ ನೂರು ಸರಿ. ನನಗೆ 58. ಆರು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಜಿಲ್ಲಾ ಕ್ರೀಡಾಂಗಣದಲ್ಲಿ ನಡೆಯುತ್ತೇನೆ. ಒಂದು ಪೈಸೆ ಖರ್ಚಿಲ್ಲ. 9 ಕೆ.ಜಿ. ಇಳಿದಿದ್ದೇನೆ. ಒಂದು ಜೊತೆ ಒಳ್ಳೆ ಶೂ ತಗೊಳ್ಳಿ, ರಾತ್ರಿ ಅನ್ನ ಕಡಿಮೆ ಮಾಡಿ. ಆ ಏಳು ಸಾವಿರ ಮಗನ ಹೆಸರಲ್ಲಿ ಆರ್.ಡಿ. ಕಟ್ಟಿ.

ಸಕಲೇಶಪುರದ ತೋಟ

ಟೀಚರ್, ಟ್ರೈನರ್ ಬೇಕೋ ಬೇಡವೋ ಅನ್ನುವುದಕ್ಕಿಂತ ಎಂಥವರು ಅನ್ನುವುದು ದೊಡ್ಡ ಪ್ರಶ್ನೆ. ನನ್ನದು ಸ್ವಲ್ಪ ಉದ್ದದ ಕಥೆ, ಪೂರ್ತಿ ಓದಿ.

2022ರಲ್ಲಿ ನನಗೆ 39. ಕಾಫಿ ಕೊಯ್ಲು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಕೈ ಸ್ವಲ್ಪ ಬಿಡುವಾಗಿತ್ತು. ಒಂದು ಜಿಮ್ ಸೇರಿದೆ. ಯಾವ ಊರು, ಯಾವ ಜಿಮ್ ಅಂತ ಹೇಳುವುದಿಲ್ಲ. ಪರ್ಸನಲ್ ಟ್ರೈನಿಂಗ್‌ಗೆ ಆರು ತಿಂಗಳ ದುಡ್ಡು ಒಂದೇ ಸಲ ಕಟ್ಟಿದೆ. ಮಾಸ್ಟರ್ ಒಳ್ಳೆ ಮನುಷ್ಯ, ನಗುನಗುತ್ತಾ ಮಾತಾಡುತ್ತಿದ್ದ. ತೋಟದ ಕೆಲಸ ಮಾಡಿದವನು, ಗಟ್ಟಿ ಆಳು ಅಂತ ಅಂದುಕೊಂಡ. ನಾನೂ ಹಾಗೇ ಅಂದುಕೊಂಡಿದ್ದೆ. ಐವತ್ತು ಕೆ.ಜಿ. ಗೊಬ್ಬರದ ಮೂಟೆ ಹೊತ್ತವನಿಗೆ ಇದೇನು ಅಂತ. ಮೂರನೇ ದಿನಕ್ಕೇ ಡೆಡ್‌ಲಿಫ್ಟ್ ಮಾಡಿಸಿದ, ಅಂದರೆ ಬಗ್ಗಿ ನೆಲದಿಂದ ಭಾರ ಎತ್ತೋದು. 60 ಕೆ.ಜಿ. ಮೊದಲ ಐದು ಎತ್ತಿದೆ. ಆರನೆಯದಕ್ಕೆ ಬೆನ್ನು ಬಿಲ್ಲಿನ ಹಾಗೆ ಬಾಗಿದ್ದು ನನಗೇ ಗೊತ್ತಾಯಿತು. ತಲೆ ಎತ್ತಿ ನೋಡಿದರೆ ಆತ ಫೋನು ನೋಡುತ್ತಾ ಎಣಿಸುತ್ತಿದ್ದ. "ಇನ್ನೆರಡು ಅಣ್ಣಾ, ಇನ್ನೆರಡು."

ಏಳನೆಯದಕ್ಕೆ ಸೊಂಟದಲ್ಲಿ ಚಳಕ್ ಅಂತು. ಅಲ್ಲೇ ಕೂತೆ. ಡಿಸ್ಕ್ ಸ್ವಲ್ಪ ಜಾರಿತ್ತು. ಎರಡು ತಿಂಗಳು ಜೀಪ್ ಓಡಿಸೋಕೂ ಆಗಲಿಲ್ಲ. ಆ ವರ್ಷ ಮುಂಗಾರಿಗೆ ಮುಂಚೆ ಮರಗಸಿ (ತೋಟದ ನೆರಳು ಮರಗಳ ಕೊಂಬೆ ಕಡಿಯೋದು) ಮಾಡಿಸುವಾಗ ಒಂದು ದಿನವೂ ಮೇಲೆ ನಿಂತು ನೋಡೋಕೆ ಆಗಲಿಲ್ಲ. ಉಳಿದ ದುಡ್ಡು ಕೇಳಿದರೆ, "ರಿಫಂಡ್ ಇಲ್ಲ ಅಂತ ರಸೀದಿಯಲ್ಲೇ ಇದೆ" ಅಂದರು. ನಿಜ, ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು.

ಆ ಘಟನೆಯಿಂದ ನಾನು ಕಲಿತದ್ದು ಇಷ್ಟು. ಎಣಿಸುವುದಕ್ಕೆ ಟ್ರೈನರ್ ಬೇಕಾಗಿಲ್ಲ, ಎಣಿಕೆ ನಮಗೂ ಬರುತ್ತದೆ. ನಾವು ದುಡ್ಡು ಕೊಡೋದು ಅವರ ಕಣ್ಣಿಗೆ. ನಮ್ಮ ಬೆನ್ನು ನಮಗೆ ಕಾಣುವುದಿಲ್ಲ ಅಲ್ವಾ, ಅದನ್ನ ನೋಡೋಕೆ. ಹಿಂದೆ ಗರಡಿ ಮನೆಯಲ್ಲಿ ಉಸ್ತಾದರು ಮಾಡುತ್ತಿದ್ದದ್ದೂ ಅದೇ. ಪಕ್ಕದಲ್ಲೇ ನಿಂತು ನೋಡುತ್ತಿದ್ದರು, ಪಟ್ಟು ತಪ್ಪಿದರೆ ಅಲ್ಲೇ ತಡೆಯುತ್ತಿದ್ದರು.

ವಿದ್ಯಾನಗರದ ಟೀಚರ್

ಓದಿ ಸಂಕಟ ಆಯಿತು ಅಣ್ಣ. ಈಗ ಬೆನ್ನು ಹೇಗಿದೆ?

ಸಕಲೇಶಪುರದ ತೋಟ

ಈಗ ಚೆನ್ನಾಗಿದೆ ಟೀಚರ್. ಫಿಸಿಯೋಥೆರಪಿ ಮಾಡಿಸಿ, ಆಮೇಲೆ ಬೇರೆ ಒಬ್ಬರ ಹತ್ತಿರ ಮೊದಲಿನಿಂದ ಕಲಿತೆ. ಮೂರು ವಾರ ಬರೀ ಕೋಲು ಹಿಡಿದು ಬಗ್ಗೋದು ಹೇಳಿಕೊಟ್ಟರು. ಕೋಲು ತಲೆಗೆ, ಬೆನ್ನಿಗೆ, ಬಾಲಮೂಳೆಗೆ ಮೂರೂ ಕಡೆ ತಾಗಿಕೊಂಡೇ ಇರಬೇಕು. ಈಗ 80 ಕೆ.ಜಿ. ಎತ್ತುತ್ತೇನೆ. ಅದಕ್ಕೇ ಹೇಳಿದ್ದು, ಟ್ರೈನರ್ ಬೇಡ ಅನ್ನೋದಿಲ್ಲ ನಾನು.

ಫಿಸಿಯೋ, ಸಾಲಗಾಮೆ ರಸ್ತೆ

ನಾನು ಹಾಸನದಲ್ಲೇ ಫಿಸಿಯೋಥೆರಪಿಸ್ಟ್. ಜಿಮ್‌ನಿಂದ ನೇರ ನಮ್ಮ ಹತ್ತಿರ ಬರುವವರನ್ನ ನೋಡುತ್ತಲೇ ಇರುತ್ತೇನೆ, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಮೊದಲು ವಾಕಿಂಗ್ ವಿಷಯ. ನಡಿಗೆ ತುಂಬಾ ಒಳ್ಳೆಯದು, ಅದನ್ನ ಯಾರೂ ಬಿಡಬೇಡಿ. ಆದರೆ ನಡಿಗೆ ಒಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಎರಡು ಭಾಗ ಇದೆ. ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ವ್ಯಾಯಾಮ ಅನ್ನೋದು ಎಲ್ಲರಿಗೂ ಗೊತ್ತು. ವಾರಕ್ಕೆ ಎರಡು ದಿನವಾದರೂ ಮಾಂಸಖಂಡ ಗಟ್ಟಿ ಮಾಡುವ ವ್ಯಾಯಾಮ ಬೇಕು ಅನ್ನುವ ಎರಡನೇ ಭಾಗ ಯಾರಿಗೂ ನೆನಪಿರೋದಿಲ್ಲ. ಊಟದ ಸಕ್ಕರೆಯನ್ನ ಜಾಸ್ತಿ ಎಳೆದುಕೊಳ್ಳೋದು ಮಾಂಸಖಂಡವೇ. ಮೇಡಂ, ನಿಮ್ಮ ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದೆ, ಅಂದರೆ ಶುಗರ್ ಬರುವ ಮುಂಚಿನ ಹಂತ. ಈ ಹಂತದಲ್ಲಿ ತೊಡೆ, ಪೃಷ್ಠದ ದೊಡ್ಡ ಸ್ನಾಯುಗಳನ್ನ ದುಡಿಸಿದರೆ ತುಂಬಾ ಉಪಯೋಗ. ಇಳಿಯುವಾಗ ನೋಯುವ ಮಂಡಿಗೂ ಬಹಳ ಸಲ ಇದೇ ಮದ್ದು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಬ್ರೇಕಿನ ಕೆಲಸ ಮಾಡುತ್ತದೆ. ಬ್ರೇಕು ಸವೆದಿದ್ದರೆ ಭಾರ ಮಂಡಿ ಚಿಪ್ಪಿನ ಮೇಲೆ ಬೀಳುತ್ತದೆ. ಆದರೂ ಮಂಡಿಯನ್ನ ಒಂದು ಸಲ ಡಾಕ್ಟ್ರಿಗೆ ತೋರಿಸಿ.

ಕ್ರೀಡಾಂಗಣದ ಸರ್, ನಿಮ್ಮನ್ನೂ ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೈ ಊರದೆ ಎದ್ದು ನೋಡಿ.

ಇನ್ನು ಭಯದ ವಿಷಯ. 2025ರಲ್ಲಿ ನಮ್ಮ ಜನ ಹೆದರಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಸರ್ಕಾರದ ತಜ್ಞರ ಸಮಿತಿ ನೋಡಿ, ಹಾಸನದಲ್ಲಿ ಅಸಹಜ ಏರಿಕೆ ಏನೂ ಆಗಿಲ್ಲ ಅಂತ ವರದಿ ಕೊಟ್ಟಿತು. ಬಿ.ಪಿ., ಶುಗರ್, ಬೊಜ್ಜು, ಸಿಗರೇಟು, ಇವೇ ಹಳೆಯ ಕಾರಣಗಳು. ವ್ಯಾಯಾಮ ಈ ಕಾರಣಗಳನ್ನ ಕಡಿಮೆ ಮಾಡುತ್ತದೆ. ಅಪಾಯ ಇರೋದು ಏನೂ ವಿಚಾರಿಸದೆ, ಒಳಗೆ ತೊಂದರೆ ಇರುವವರನ್ನ ಏಕಾಏಕಿ ಜೋರಾಗಿ ದುಡಿಸಿದರೆ.

ಅದಕ್ಕೇ ಮೊದಲ ದಿನ ಟ್ರೈನರ್ ಏನು ಕೇಳುತ್ತಾರೆ ಅಂತ ನೋಡಿ. ಪಾರ್-ಕ್ಯೂ ಅಂತ 7 ಪ್ರಶ್ನೆಗಳ ಒಂದು ಚೀಟಿ ಇದೆ. ಹೃದಯದ ತೊಂದರೆ ಇದೆ ಅಂತ ಡಾಕ್ಟರ್ ಹೇಳಿದ್ದಾರಾ, ಕೆಲಸ ಮಾಡುವಾಗ ಎದೆ ನೋವು ಬರುತ್ತಾ, ಸುಮ್ನೆ ಕೂತಾಗ ಬಂದಿದೆಯಾ, ತಲೆ ಸುತ್ತು ಬಂದು ಬಿದ್ದಿದ್ದೀರಾ, ಮೂಳೆ ಕೀಲಿನ ತೊಂದರೆ ಇದೆಯಾ, ಬಿ.ಪಿ. ಅಥವಾ ಹೃದಯದ ಮಾತ್ರೆ ತಗೊಳ್ತೀರಾ, ಬೇರೆ ಏನಾದರೂ ಕಾರಣ ಇದೆಯಾ. ಐದು ನಿಮಿಷದ ಕೆಲಸ. ಒಂದಕ್ಕೆ ಹೌದು ಅಂದರೂ ಮೊದಲು ಡಾಕ್ಟ್ರ ಹತ್ತಿರ ಹೋಗಿ ಬನ್ನಿ ಅನ್ನಬೇಕು. ಇದನ್ನ ಕೇಳದೆ ಟ್ರೆಡ್‌ಮಿಲ್ ಹತ್ತಿಸುವವರ ಹತ್ತಿರ ಹೋಗಲೇಬೇಡಿ.

ಇನ್ನೊಂದು ಮುಖ್ಯ ಮಾತು. ಹೊಸದಾಗಿ ಶುರು ಮಾಡಿದಾಗ ಒಂದರಿಂದ ಮೂರು ದಿನ ಮೈ ಕೈ ನೋವು ಸಹಜ. ಕೀಲಿನಲ್ಲಿ ಚುಚ್ಚಿದ ಹಾಗೆ ನೋವು ಬಂದರೆ ಸಹಜ ಅಲ್ಲ, ನಿಲ್ಲಿಸಿ. ವಿಪರೀತ ದುಡಿದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮನೆಯಲ್ಲಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಕಿಡ್ನಿಗೆ ಪೆಟ್ಟು ಬೀಳುವ ಸೂಚನೆ ಅದು.

ಕ್ರೀಡಾಂಗಣದ ಸುತ್ತು

ಕೂತು ನೋಡಿದೆ. ಎರಡೂ ಕೈ ಊರಿ, ಮಂಚ ಹಿಡಿದು ಎದ್ದೆ. ಮೂರು ಸಲ ಪ್ರಯತ್ನ ಮಾಡಿದೆ, ಮೂರು ಸಲವೂ ಹಾಗೇ. ಆರು ವರ್ಷ ನಡೆದಿದ್ದಕ್ಕೆ ಕಾಲು ಗಟ್ಟಿ ಇದೆ ಅಂತ ನಂಬಿದ್ದೆ. ಏನು ಮಾಡಬೇಕು ಹೇಳಿ.

ಫಿಸಿಯೋ, ಸಾಲಗಾಮೆ ರಸ್ತೆ

ಗಾಬರಿ ಬೇಡ ಸರ್. ಕೈ ಇಲ್ಲದ ಕುರ್ಚಿಯಿಂದ ಕೈ ಊರದೆ ಏಳೋದು, ನಿಧಾನವಾಗಿ ಮೂರು ಎಣಿಸುತ್ತಾ ಕೂರೋದು. ದಿನಕ್ಕೆ ಎಂಟರಂತೆ ಎರಡು ಸಲ. ಏಳುವಾಗ ಉಸಿರು ಬಿಡಿ. ಉಸಿರು ಕಟ್ಟಿ ಎದ್ದರೆ ಬಿ.ಪಿ. ಒಮ್ಮೆಲೇ ಏರುತ್ತದೆ. ವಾಕಿಂಗ್ ಮುಂದುವರಿಸಿ.

ಹತ್ತು ವರ್ಷದ ಮಾಸ್ಟರ್

ನಾನು ಇದೇ ವೃತ್ತಿಯಲ್ಲಿದ್ದೇನೆ. ಈಗ ಹಾಸನದಲ್ಲಿಲ್ಲ, ಹಾಗಾಗಿ ನನಗೆ ಗಿರಾಕಿ ಬೇಕು ಅಂತ ಬರೆಯುತ್ತಿಲ್ಲ. ಒಳಗಿನ ವಿಷಯ ನಿಮಗೆ ಗೊತ್ತಿರಲಿ.

ನೀವು ಕೊಡುವ ಪರ್ಸನಲ್ ಟ್ರೈನಿಂಗ್ ದುಡ್ಡು ಪೂರ್ತಿ ಟ್ರೈನರ್ ಕೈಗೆ ಬರುವುದಿಲ್ಲ. ನಾನು ಕೆಲಸ ಮಾಡಿದ ಒಂದು ಕಡೆ ಅರ್ಧ ಬರುತ್ತಿತ್ತು. ಮನೆ ನಡೀಬೇಕಲ್ಲ, ಹಾಗಾಗಿ ಒಂದೇ ಗಂಟೆಯಲ್ಲಿ ಇಬ್ಬರು ಮೂವರನ್ನ ಹಿಡಿಯೋದು ಶುರುವಾಗುತ್ತದೆ. ಇವರಿಗೆ ಒಂದು ಸೆಟ್ ಹೇಳಿ ಅವರ ಹತ್ತಿರ ಓಡೋದು. ತೋಟದ ಸರ್‌ಗೆ ಆದ ಹಾಗೆ ಆಗೋದು ಇಂಥ ಕಡೆಯೇ. ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ನನ್ನ ಗಂಟೆಯಲ್ಲಿ ಬೇರೆ ಯಾರಾದರೂ ಇರುತ್ತಾರಾ? ಆಮೇಲೆ ಒಂದು ಸಂಜೆ ಅಲ್ಲೇ ಮೂಲೆಯಲ್ಲಿ ಕೂತು ಅವರು ಬೇರೆಯವರಿಗೆ ಹೇಳಿಕೊಡೋದನ್ನ ನೋಡಿ. ಅರ್ಧ ಗಂಟೆ ಸಾಕು. ಬದಿಯಿಂದ ನೋಡ್ತಾರಾ, ಎದುರಿನಿಂದ ನೋಡ್ತಾರಾ, ಭಾರ ಕಡಿಮೆ ಮಾಡಿಸ್ತಾರಾ, ಪುಸ್ತಕದಲ್ಲಿ ಬರೆದುಕೊಳ್ತಾರಾ. ಭಾರ ಏರಿಸೋದು ಎಲ್ಲರಿಗೂ ಬರುತ್ತದೆ. ಯಾವಾಗ ಇಳಿಸಬೇಕು ಅಂತ ಗೊತ್ತಿರುವವರು ಕಡಿಮೆ.

ಸರ್ಟಿಫಿಕೇಟ್ ಬಗ್ಗೆ. ಎಸಿಇ, ಎನ್‌ಎಎಸ್‌ಎಂ, ಎಸಿಎಸ್‌ಎಂ ಅಂತ ಅಮೆರಿಕದ ಸಂಸ್ಥೆಗಳಿವೆ. ಅವುಗಳ ಸರ್ಟಿಫಿಕೇಟ್‌ಗೆ ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ಪ್ರಥಮ ಚಿಕಿತ್ಸೆ, ಕಲಿತಿರಬೇಕು. ಅವು ಒಂದು ಸಲ ತಗೊಂಡರೆ ಜೀವನಪೂರ್ತಿ ನಡೆಯುವುದಿಲ್ಲ, ನವೀಕರಿಸಬೇಕು, ಹಾಗಾಗಿ ತಾರೀಖು ನೋಡಿ. ಪಟಿಯಾಲದ ಎನ್‌ಐಎಸ್ 1961ರಿಂದ ಇರುವ ದೊಡ್ಡ ಸಂಸ್ಥೆ, ಆದರೆ ಅದು ಮುಖ್ಯವಾಗಿ ಕ್ರೀಡಾ ಕೋಚ್‌ಗಳಿಗೆ. ಅಲ್ಲಿ ಡಿಪ್ಲೊಮಾನೂ ಇದೆ, ಆರು ವಾರದ ಕೋರ್ಸೂ ಇದೆ. ಯಾರಾದರೂ "ನಾನು ಎನ್‌ಐಎಸ್" ಅಂದರೆ ಯಾವ ಕೋರ್ಸು ಅಂತ ಕೇಳಿ. ಬಿ.ಪಿ.ಇಡಿ. (ದೈಹಿಕ ಶಿಕ್ಷಣದ ಪದವಿ) ಮಾಡಿದವರಿಗೆ ದೇಹದ ರಚನೆ ಬಗ್ಗೆ ಬುನಾದಿ ಇರುತ್ತದೆ. ಗೋಡೆ ಮೇಲಿನ ಬಾಡಿ ಬಿಲ್ಡಿಂಗ್ ಕಪ್ ನೋಡಿ ತೀರ್ಮಾನ ಮಾಡಬೇಡಿ. ತನ್ನ ಮೈ ಕಟ್ಟಿಕೊಳ್ಳೋದು ಬೇರೆ, 44ರ ಮಂಡಿಗೆ ಹೇಳಿಕೊಡೋದು ಬೇರೆ.

ತಿಂಗಳಿಗೆ 10 ಕೆ.ಜಿ. ಇಳಿಸ್ತೀನಿ ಅನ್ನುವವರನ್ನ ನಂಬಬೇಡಿ. ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಇಳಿದರೆ ಅದೇ ಒಳ್ಳೆಯ ವೇಗ. ಪ್ರೋಟೀನ್ ಪುಡಿ ಡಬ್ಬ ಮಾರುವವರಿಂದ ಇನ್ನೂ ದೂರ ಇರಿ.

ಕೆ.ಆರ್. ಪುರಂ ಅಮ್ಮ

ಡಬ್ಬದ ಮಾತು ಬಂತು, ಹಾಗಾಗಿ ಬರೆಯುತ್ತಿದ್ದೇನೆ. ನನ್ನ ಮಗನಿಗೆ 20. ಜಿಮ್ ಸೇರಿದ ಎರಡನೇ ತಿಂಗಳಿಗೆ 5,500 ರೂಪಾಯಿ ಪುಡಿ ಡಬ್ಬ ಬಂತು. ನಾಲ್ಕನೇ ತಿಂಗಳಲ್ಲಿ ಬೆನ್ನು ತುಂಬಾ ಗುಳ್ಳೆ. ಸಣ್ಣ ಸಣ್ಣ ಮಾತಿಗೂ ರೇಗುತ್ತಿದ್ದ. ಬಟ್ಟೆ ಒಗೆಯುವಾಗ ಪ್ಯಾಂಟ್ ಜೇಬಿನಲ್ಲಿ ಸೂಜಿಯ ಮುಚ್ಚಳ ಸಿಕ್ಕಿತು. ನನ್ನ ಕೈ ನಡುಗಿತು.

ಸ್ಟೆರಾಯ್ಡ್ ಇಂಜೆಕ್ಷನ್. ಕೊಡಿಸಿದ್ದು ಅವನ ಟ್ರೈನರೇ. ಹೃದಯಕ್ಕೆ, ಲಿವರ್‌ಗೆ, ಮುಂದೆ ಮಕ್ಕಳಾಗುವುದಕ್ಕೂ ತೊಂದರೆ ಆಗಬಹುದು ಅಂತ ಡಾಕ್ಟ್ರು ಅವನಿಗೇ ಕೂರಿಸಿ ಹೇಳಿದ ಮೇಲೆ ಬಿಟ್ಟ. ಈಗ ಹುಷಾರಾಗಿದ್ದಾನೆ. ಮಕ್ಕಳನ್ನ ಜಿಮ್‌ಗೆ ಕಳಿಸುವವರು ಒಂದು ಸಲ ಹೋಗಿ ಟ್ರೈನರ್ ಹತ್ತಿರ ಮುಖ ಕೊಟ್ಟು ಮಾತಾಡಿ ಬನ್ನಿ. ತಾಯಿ ತಂದೆ ವಿಚಾರಿಸುತ್ತಾರೆ ಅಂತ ಗೊತ್ತಿದ್ದರೆ ಅವರೂ ಎಚ್ಚರವಾಗಿರುತ್ತಾರೆ.

ಫಿಸಿಯೋ, ಸಾಲಗಾಮೆ ರಸ್ತೆ

ಅಮ್ಮ, ನೀವು ಇದನ್ನ ಬರೆದಿದ್ದು ತುಂಬಾ ದೊಡ್ಡ ಉಪಕಾರ. ಪ್ರೋಟೀನ್ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರ ಲೆಕ್ಕದಲ್ಲಿ ಆರೋಗ್ಯವಂತರಿಗೆ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 0.83 ಗ್ರಾಂ. 60 ಕೆ.ಜಿ. ಇದ್ದರೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ ಸ್ವಲ್ಪ ಜಾಸ್ತಿ ಬೇಕಾಗಬಹುದು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ನೂರು ಗ್ರಾಂ ಹುರುಳಿ ಕಾಳಿನಲ್ಲಿ 20 ಗ್ರಾಂ ದಾಟುತ್ತದೆ, ಕಡಲೆಕಾಯಿ ಬೀಜದಲ್ಲಿ ಸುಮಾರು 25. ಮುದ್ದೆ ಜೊತೆ ಹುರುಳಿ ಸಾರು, ಬದಿಯಲ್ಲಿ ಎರಡು ಮೊಟ್ಟೆ, ಸಂಜೆ ಮಜ್ಜಿಗೆ. ನಮ್ಮ ಅಡುಗೆಮನೆಯಲ್ಲೇ ಬಹುಪಾಲು ಬಂದುಬಿಡುತ್ತದೆ. ಯಾರಾದರೂ ಪುಡಿ ತಗೊಳ್ಳಲೇಬೇಕಾದರೆ ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಟ್ಟ 14 ಅಂಕಿಯ ನಂಬರ್ ನೋಡಿ, ಬಿಲ್ ತಗೊಳ್ಳಿ. ಕಿಡ್ನಿ ತೊಂದರೆ ಇರುವವರು ಡಾಕ್ಟ್ರನ್ನ ಕೇಳದೆ ಮುಟ್ಟಬೇಡಿ.

ರತ್ನಗಿರಿ ಬೋರೆ

ನಾನು ಚಿಕ್ಕಮಗಳೂರು. ನನಗೆ 69. ಹೋದ ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದೆ. ಮೂಳೆ ಮುರಿಯಲಿಲ್ಲ, ಆದರೆ ಧೈರ್ಯ ಮುರಿಯಿತು. ಬಚ್ಚಲಿಗೆ ಹೋಗೋಕೂ ಗೋಡೆ ಹಿಡಿಯುತ್ತಿದ್ದೆ. ಮಗಳು ಒಬ್ಬ ಟ್ರೈನರ್ ನೋಡಿದಳು. ನನಗೆ ಒಬ್ಬಳಿಗೇ ಅಷ್ಟು ದುಡ್ಡು ಯಾಕೆ ಅಂತ ಬೀದಿಯ ಇಬ್ಬರು ಗೆಳತಿಯರನ್ನ ಸೇರಿಸಿಕೊಂಡೆ. ಒಂದು ಕ್ಲಾಸಿಗೆ 600, ಮೂವರಿಗೆ 200 ಆಯಿತು. ನಮ್ಮ ಮನೆ ಜಗುಲಿಯಲ್ಲೇ ವಾರಕ್ಕೆ ಮೂರು ದಿನ. ನಮ್ಮ ವಯಸ್ಸಿನವರಿಗೆ ಸಮತೋಲನದ ವ್ಯಾಯಾಮ ವಾರಕ್ಕೆ ಮೂರು ದಿನ ಬೇಕಂತೆ.

ಒಂದು ಕಾಲಲ್ಲಿ ನಿಲ್ಲೋದು, ಗೆರೆ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯೋದು. ಶುರುವಿನಲ್ಲಿ ಒಂದು ಕಾಲಲ್ಲಿ ಮೂರು ಸೆಕೆಂಡ್ ನಿಂತಿರಲಿಲ್ಲ. ಆ ಹುಡುಗ ನನ್ನ ಹಿಂದೆ ಎರಡೂ ಕೈ ಚಾಚಿಕೊಂಡು ನಿಂತಿರುತ್ತಾನೆ, ಆದರೆ ಮುಟ್ಟುವುದಿಲ್ಲ. ಬೀಳೋದಿಲ್ಲ ಅಂತ ನಂಬಿಕೆ ಬರಲಿ ಅಂತ. ಈಗ 20 ಸೆಕೆಂಡ್ ನಿಲ್ಲುತ್ತೇನೆ. ಮೊನ್ನೆ ನಮ್ಮೂರ ಗುಡ್ಡ ರತ್ನಗಿರಿ ಬೋರೆ ಹತ್ತಿ ಕೂತು ಊರು ನೋಡಿ ಬಂದೆ. ಮಗಳೇ, ಮೂವರು ಸೇರಿ ಮಾಡಿದರೆ ಖರ್ಚು ಕಡಿಮೆ, ತಪ್ಪಿಸೋಕೂ ಆಗುವುದಿಲ್ಲ.

ವಿದ್ಯಾನಗರದ ಟೀಚರ್ (ಸೆಪ್ಟೆಂಬರ್ 21)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟ್ರಿಗೆ ತೋರಿಸಿದೆ. ಇಸಿಜಿ, ಬಿ.ಪಿ. ನೋಡಿ, ಮಂಡಿ ನೋಡಿ, ವ್ಯಾಯಾಮ ಮಾಡಬಹುದು ಅಂದರು. ಮನೆಯವರು ಜೊತೆಗೇ ಬಂದು ಕೇಳಿಸಿಕೊಂಡರು, ಅರ್ಧ ಭಯ ಅಲ್ಲೇ ಹೋಯಿತು. ಆಮೇಲೆ ಇಬ್ಬರ ಹತ್ತಿರವೂ ಒಂದೊಂದು ಟ್ರಯಲ್ ಕ್ಲಾಸ್ ಮಾಡಿದೆ.

ಜಿಮ್‌ನವರಿಗೆ 12 ವರ್ಷದ ಅನುಭವ. ಗೌರವವಾಗಿ ಮಾತಾಡಿದರು. ಆದರೆ ಕೇಳಿದ್ದು ಎರಡೇ ಪ್ರಶ್ನೆ. ತೂಕ ಎಷ್ಟು, ಎಷ್ಟು ಇಳಿಸಬೇಕು. ಮಂಡಿ ನೋವು ನಾನಾಗೇ ಹೇಳಿದೆ. "ಮಾಡ್ತಾ ಮಾಡ್ತಾ ಸರಿಹೋಗುತ್ತೆ ಮೇಡಂ" ಅಂದರು. ಮೆಷಿನ್ ಮೇಲೆ ಕೂರಿಸಿ ಕಾಲು ಚಾಚಿಸಿದರು. ನಡುವೆ ಎರಡು ಸಲ ಬೇರೆಯವರ ಹತ್ತಿರ ಹೋಗಿ ಬಂದರು.

ಮನೆಗೆ ಬಂದ ಹುಡುಗಿಗೆ 27 ಇರಬಹುದು. ಬಿ.ಪಿ.ಇಡಿ. ಮಾಡಿದ್ದಾರೆ, ಒಂದು ಸರ್ಟಿಫಿಕೇಟ್ ಇದೆ, ತಾರೀಖು ನೋಡಿದೆ. ನಾಲ್ಕು ವರ್ಷದ ಅನುಭವ. ಮೊದಲ 25 ನಿಮಿಷ ಬರೀ ಕೇಳಿದ್ದೇ. ರಿಪೋರ್ಟ್ ನೋಡಿದರು. ಎಷ್ಟು ಹೊತ್ತು ನಿಂತಿರ್ತೀರಾ, ಯಾವ ಚಪ್ಪಲಿ ಹಾಕ್ತೀರಾ, ರಾತ್ರಿ ಎಷ್ಟಕ್ಕೆ ಮಲಗ್ತೀರಾ ಅಂತೆಲ್ಲ. ನನ್ನ ಸ್ಕೂಲ್ ಚಪ್ಪಲಿ ತಿರುಗಿಸಿ ನೋಡಿ, ಎಡಗಾಲಿನದು ಒಳಬದಿ ಸವೆದಿದೆ ಅಂತ ತೋರಿಸಿದರು. ಆರು ವರ್ಷದಿಂದ ನಾನು ಗಮನಿಸಿರಲಿಲ್ಲ.

ಆಮೇಲೆ ಅಡುಗೆಮನೆಯಿಂದ ಮಣೆ ತರಿಸಿದರು. ಊಟಕ್ಕೆ ಕೂರುವ ಮಣೆ, ನಾಲ್ಕು ಬೆರಳು ಎತ್ತರ ಅಷ್ಟೇ. ಅದರ ಮೇಲೆ ಎಡಗಾಲಲ್ಲಿ ನಿಂತು ಬಲಗಾಲ ಹಿಮ್ಮಡಿಯನ್ನ ನಿಧಾನವಾಗಿ ನೆಲಕ್ಕೆ ಮುಟ್ಟಿಸಿ ಅಂದರು. ತಾವು ನೆಲದ ಮೇಲೆ ಕೂತು ನನ್ನ ಮಂಡಿಯನ್ನೇ ನೋಡುತ್ತಿದ್ದರು. "ಮೇಡಂ, ಇಳಿಯುವಾಗ ಮಂಡಿ ಒಳಗೆ ವಾಲ್ತಾ ಇದೆ. ಕೈ ಹಿಡಿದು ತೋರಿಸಲಾ?" ಅಂತ ಕೇಳಿ, ನಾನು ಹ್ಞೂಂ ಅಂದ ಮೇಲೆ ಎರಡು ಬೆರಳಲ್ಲಿ ಮಂಡಿಯನ್ನ ಹೊರಗೆ ತಂದರು, ಕಾಲಿನ ಎರಡನೇ ಬೆರಳಿನ ನೇರಕ್ಕೆ. ಮತ್ತೆ ಇಳಿದೆ. ಚುಚ್ಚಲಿಲ್ಲ. ನಂಬಿಕೆ ಬರದೆ ಇನ್ನೊಂದು ಸಲ ಮಾಡಿದೆ.

ಶುಗರ್‌ಗೆ ಮಾತ್ರೆ ಬೇಕಾಗುತ್ತಾ ಅಂತ ಕೇಳಿದೆ. "ಅದು ನನಗೆ ಗೊತ್ತಾಗಲ್ಲ, ನಿಮ್ಮ ಡಾಕ್ಟ್ರನ್ನೇ ಕೇಳಿ" ಅಂದರು.

ಬೇಲೂರು ಬಸ್ಸು

ನಾಲ್ಕು ವರ್ಷ ಅಂದರೆ ಅನುಭವ ಕಡಿಮೆ ಅಲ್ವಾ ಮೇಡಂ? ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ? ಜಿಮ್ ಆದರೆ ಹತ್ತು ಜನ ಇರುತ್ತಾರೆ. ಮನೆಯಲ್ಲಿ ಯಂತ್ರವೂ ಇಲ್ಲ, ಭಾರವೂ ಇಲ್ಲ.

ಹತ್ತು ವರ್ಷದ ಮಾಸ್ಟರ್

ಆ ಚಪ್ಪಲಿ ತಿರುಗಿಸಿ ನೋಡಿದ ಹುಡುಗಿಯನ್ನ ಬಿಡಬೇಡಿ ಮೇಡಂ. ನಾನಾದರೂ ಆ ಮಣೆ ಪರೀಕ್ಷೆಯನ್ನೇ ಮಾಡಿಸುತ್ತಿದ್ದೆ. "ನನಗೆ ಗೊತ್ತಿಲ್ಲ" ಅನ್ನೋ ಮಾತು ನನ್ನ ಬಾಯಲ್ಲಿ ಬರೋಕೆ ಎಂಟು ವರ್ಷ ಹಿಡಿಯಿತು. ಯಂತ್ರಕ್ಕೆ ಅವಸರ ಇಲ್ಲ, ಒಂದು ಜೊತೆ ಡಂಬೆಲ್, ಎರಡು ರಬ್ಬರ್ ಬ್ಯಾಂಡ್ ಸಾಕು ಆರು ತಿಂಗಳಿಗೆ. ಆದರೆ ದುಡ್ಡು ತಿಂಗಳಿಗೆ ಒಂದು ಸಲ ಮಾತ್ರ ಕೊಡಿ, ಮುಂಗಡ ಬೇಡ. ತಪ್ಪಿದ ಕ್ಲಾಸಿಗೆ ಏನು ಅಂತ ಮೊದಲೇ ಮಾತಾಡಿಕೊಳ್ಳಿ. ಹಾಸನಾಂಬ ದರ್ಶನದ ಸಮಯದಲ್ಲಿ ಊರಿನಲ್ಲಿ ರಸ್ತೆ ಬಂದ್ ಆಗುತ್ತೆ, ಆಗ ಕ್ಲಾಸ್ ತಪ್ಪಿಯೇ ತಪ್ಪುತ್ತದೆ. ಆಮೇಲೆ ಮಾತಾಡಿದರೆ ಮನಸ್ತಾಪ.

ಕ್ರೀಡಾಂಗಣದ ಸುತ್ತು

ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಆದರೂ ಕೇಳುತ್ತೇನೆ, ಇದು ಎಷ್ಟು ತಿಂಗಳು ಮೇಡಂ? ಜೀವನಪೂರ್ತಿ ಕ್ಲಾಸಿಗೆ 500 ಕೊಡೋಕಾಗುತ್ತಾ?

ವಿದ್ಯಾನಗರದ ಟೀಚರ್

ಅದನ್ನೇ ಆ ಹುಡುಗಿಯನ್ನೂ ಕೇಳಿದೆ ಸರ್. "ಮೂರು ತಿಂಗಳು ವಾರಕ್ಕೆ ಎರಡು ಕ್ಲಾಸ್. ಅಷ್ಟರಲ್ಲಿ ನೀವೇ ಮಾಡಿಕೊಳ್ಳುವ ಹಾಗೆ ಆಗಬೇಕು. ಆಮೇಲೆ ತಿಂಗಳಿಗೆ ಒಂದು ಸಲ ಬಂದು ನೋಡ್ತೀನಿ" ಅಂದರು. ನಾನೂ ಮಕ್ಕಳಿಗೆ ಲೆಕ್ಕ ಹೇಳಿಕೊಡೋದು ಪರೀಕ್ಷೆಯಲ್ಲಿ ಪಕ್ಕದಲ್ಲಿ ನಿಂತಿರೋಕೆ ಅಲ್ಲವಲ್ಲ. ಅವರನ್ನೇ ಒಪ್ಪಿಕೊಂಡೆ. ತಿಂಗಳಿಗೆ 4,000. ಕೊಟ್ಟ ದುಡ್ಡಿಗೆ ಪುಸ್ತಕದಲ್ಲಿ ಸಹಿ ಹಾಕಿಕೊಡುತ್ತಾರೆ.

ಫಿಸಿಯೋ, ಸಾಲಗಾಮೆ ರಸ್ತೆ

ಒಳ್ಳೆಯ ಆಯ್ಕೆ. ಡಿಸೆಂಬರ್‌ಗೆ ಇನ್ನೂ ಹತ್ತು ವಾರ ಇದೆ, ಸಾಕಷ್ಟು ಸಮಯ. ಮಣೆಯಿಂದ ಶುರು ಮಾಡಿ, ಆಮೇಲೆ ಇಟ್ಟಿಗೆ, ಆಮೇಲೆ ಮೆಟ್ಟಿಲು. ಬೆಟ್ಟಕ್ಕೆ ಹೋಗುವ ಮುಂಚಿನ ಎರಡು ದಿನ ವಿಶ್ರಾಂತಿ ಕೊಡಿ.

ವಿದ್ಯಾನಗರದ ಟೀಚರ್ (ಡಿಸೆಂಬರ್ 14)

ನಿನ್ನೆ ಶ್ರವಣಬೆಳಗೊಳಕ್ಕೆ ಹೋಗಿ ಬಂದೆವು. 46 ಮಕ್ಕಳು, ನಾಲ್ವರು ಟೀಚರ್.

ಹತ್ತಿದೆ. ನಡುವೆ ಮೂರು ಕಡೆ ನಿಂತೆ. ಮೇಲೆ ಗೊಮ್ಮಟನ ಪಾದದ ಹತ್ತಿರ ನಿಂತಾಗ ಕಣ್ಣು ತುಂಬಿತು. ನನಗೆ ಭಯ ಇದ್ದದ್ದು ಇಳಿಯುವಾಗ. ಬಂಡೆಯಲ್ಲಿ ಕಡಿದ ಮೆಟ್ಟಿಲು, ಬಿಸಿಲಿಗೆ ಕಾದಿತ್ತು, ಕೆಲವು ಕಡೆ ಸವೆದು ನುಣುಪಾಗಿದೆ. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಮಂಡಿಯನ್ನ ಎರಡನೇ ಬೆರಳಿನ ನೇರಕ್ಕೆ ಇಟ್ಟು ಇಳಿದೆ. ಕೊನೆಯ ನೂರು ಮೆಟ್ಟಿಲಲ್ಲಿ ತೊಡೆ ನಡುಗುತ್ತಿತ್ತು. ಮಂಡಿ ಒಂದು ಸಲವೂ ಚುಚ್ಚಲಿಲ್ಲ.

ತೂಕ 71ರಿಂದ 67.5ಕ್ಕೆ ಬಂದಿದೆ. ರಕ್ತ ಪರೀಕ್ಷೆ ಜನವರಿಯಲ್ಲಿ ಮಾಡಿಸುತ್ತೇನೆ, ಬಂದದ್ದನ್ನ ಇಲ್ಲೇ ಬರೆಯುತ್ತೇನೆ. ಅಕ್ಟೋಬರ್‌ನಲ್ಲಿ ಹಾಸನಾಂಬ ದರ್ಶನದ ಗಲಾಟೆಯಲ್ಲಿ ಎರಡು ಕ್ಲಾಸ್ ತಪ್ಪಿತ್ತು, ಮುಂದಿನ ವಾರವೇ ಸೇರಿಸಿಕೊಟ್ಟರು.

ರತ್ನಗಿರಿ ಬೋರೆ ಅಮ್ಮ, ನಿಮ್ಮ ಮಾತು ನೆನಪಿಟ್ಟುಕೊಂಡಿದ್ದೆ. ನಿನ್ನೆ ಕೆಳಗೆ ಚಪ್ಪಲಿ ನೋಡಿಕೊಂಡು ಕೂತಿದ್ದ ನಮ್ಮ ಕನ್ನಡ ಮೇಡಂ, ಅರ್ಧಕ್ಕೇ ವಾಪಸ್ ಬಂದ ವಿಜ್ಞಾನದ ಮೇಡಂ, ಇಬ್ಬರೂ ಜನವರಿಯಿಂದ ಸೇರುತ್ತೇವೆ ಅಂದಿದ್ದಾರೆ. ಇಬ್ಬರಿಗೂ ಮೊದಲು ಡಾಕ್ಟ್ರ ಹತ್ತಿರ ಹೋಗಿ ಬನ್ನಿ ಅಂತ ಹೇಳಿದ್ದೇನೆ. ನಮ್ಮ ಮನೆ ಹಾಲ್ ಮೂವರಿಗೆ ಸಾಕಾಗುತ್ತದೆ. ಇನ್ನೆರಡು ಮಣೆ ಬೇಕು, ಅಷ್ಟೇ.